ತುರ್ತು ಚಿಕಿತ್ಸಾ ಸಿಬ್ಬಂದಿಗೆ ಮದ್ಯಪಾನ ಸಮಸ್ಯೆ ಕುರಿತ ತರಬೇತಿ

ತುರ್ತು ಚಿಕಿತ್ಸಾ ಸಿಬ್ಬಂದಿಗೆ ಮದ್ಯಪಾನ ಸಮಸ್ಯೆ ಕುರಿತ ತರಬೇತಿಯು ಆಸ್ಪತ್ರೆಯ ತುರ್ತು ವಿಭಾಗದ ವೈದ್ಯರು, ದಾದಿಯರು ಹಾಗೂ ಸಮಾಲೋಚಕರಿಗೆ ನೀಡಲಾಗುವ ವೃತ್ತಿಶಿಕ್ಷಣವಾಗಿದೆ. ಹಾನಿಕರ ಮದ್ಯಪಾನವನ್ನು ಪ್ರಶ್ನಾವಳಿಯ ಮೂಲಕ ಗುರುತಿಸುವುದು, ರೋಗಿಯೊಡನೆ ಕೆಲವು ನಿಮಿಷಗಳ ಕಾಲ ಗೌರವದಿಂದ ಸಮಾಲೋಚಿಸುವುದು ಮತ್ತು ಅಗತ್ಯವಿದ್ದವರನ್ನು ತಜ್ಞ ಚಿಕಿತ್ಸೆಗೆ ಕಳುಹಿಸುವುದು ಇದರ ಮೂರು ಅಂಗಗಳು. ಈ ಕ್ರಮವು ಆಂಗ್ಲ ಪದಗಳ ಮೊದಲಕ್ಷರಗಳಿಂದಾದ ಎಸ್‌ಬಿಐಆರ್‌ಟಿ ಎಂಬ ಹೆಸರಿನಿಂದ ಪರಿಚಿತವಾಗಿದೆ.

ಹಿನ್ನೆಲೆ

ಬಿದ್ದು ಪೆಟ್ಟಾದವರು, ಹೊಡೆದಾಟದಲ್ಲಿ ಗಾಯಗೊಂಡವರು, ರಸ್ತೆ ಅಪಘಾತಕ್ಕೆ ಸಿಲುಕಿದವರು ಮೊದಲು ತಲುಪುವುದು ತುರ್ತು ವಿಭಾಗವನ್ನು. ಇವರಲ್ಲಿ ಅನೇಕರ ಗಾಯದ ಹಿಂದೆ ಮದ್ಯಪಾನವಿರುತ್ತದೆ. ಗಾಯಕ್ಕೆ ಹೊಲಿಗೆ ಹಾಕಿ ಕಳುಹಿಸಿದರೆ ಗಾಯವೇನೋ ಮಾಯುತ್ತದೆ. ಅದರ ಕಾರಣ ಮಾತ್ರ ಹಾಗೆಯೇ ಉಳಿಯುತ್ತದೆ. ಅದೇ ವ್ಯಕ್ತಿ ಮತ್ತೊಂದು ಗಾಯದೊಡನೆ ಮರಳಿ ಬರುವ ಸಂಭವವೂ ಇರುತ್ತದೆ.

ಅಪಘಾತವಾದ ಕೆಲವು ಗಂಟೆಗಳಲ್ಲಿ ಮನುಷ್ಯನು ತನ್ನ ಕುಡಿತಕ್ಕೂ ತನಗೊದಗಿದ ಸ್ಥಿತಿಗೂ ಇರುವ ಸಂಬಂಧವನ್ನು ಕಾಣಲು ಸಿದ್ಧನಿರಬಹುದು. ವೈದ್ಯಸಾಹಿತ್ಯವು ಇದನ್ನು ‘ಕಲಿಕೆಗೆ ಒದಗುವ ಕ್ಷಣ’ವೆಂದು ಪರಿಗಣಿಸುತ್ತದೆ. ಈ ಕ್ಷಣ ಬಹುಕಾಲ ಉಳಿಯುವುದಿಲ್ಲ. ಸಮಾಲೋಚಕರ ಭೇಟಿ ತಡವಾದಷ್ಟೂ ಅದಕ್ಕೆ ಹಾಜರಾಗುವವರ ಪ್ರಮಾಣ ಕುಗ್ಗುತ್ತದೆ.

ಗುರುತಿಸುವ ಸಾಧನಗಳು

ವಿಶ್ವ ಆರೋಗ್ಯ ಸಂಸ್ಥೆಯು ಆರು ದೇಶಗಳ ಅಧ್ಯಯನದ ಆಧಾರದ ಮೇಲೆ ರೂಪಿಸಿದ ‘ಆಡಿಟ್’ ಪ್ರಶ್ನಾವಳಿಯಲ್ಲಿ 10 ಪ್ರಶ್ನೆಗಳಿವೆ. ಗರಿಷ್ಠ ಅಂಕ 40. ಸಂಸ್ಥೆಯ ಕೈಪಿಡಿಯ ಪ್ರಕಾರ 8ರಿಂದ 15 ಅಂಕ ಪಡೆದವರಿಗೆ ಸರಳ ಸಲಹೆ, 16ರಿಂದ 19 ಅಂಕದವರಿಗೆ ಸಂಕ್ಷಿಪ್ತ ಸಮಾಲೋಚನೆ ಹಾಗೂ ಮುಂದುವರಿದ ನಿಗಾ, 20 ಮತ್ತು ಅದಕ್ಕೂ ಹೆಚ್ಚು ಅಂಕದವರಿಗೆ ತಜ್ಞರ ತಪಾಸಣೆ ಸೂಕ್ತ. ಅಮೆರಿಕದ ಜಾನ್ ಯೂಯಿಂಗ್ ರೂಪಿಸಿದ ‘ಕೇಜ್’ ಕೇವಲ 4 ಪ್ರಶ್ನೆಗಳದ್ದು. ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ರಾಬಿನ್ ಟೂಕೆ ಮತ್ತು ಸಹೋದ್ಯೋಗಿಗಳು 1990ರ ದಶಕದಲ್ಲಿ ‘ಪ್ಯಾಡಿಂಗ್ಟನ್ ಮದ್ಯ ಪರೀಕ್ಷೆ’ಯನ್ನು ಸಿದ್ಧಪಡಿಸಿದರು. ಬೀಳುವಿಕೆ, ಕುಸಿತ, ತಲೆಪೆಟ್ಟು, ಹಲ್ಲೆ ಮೊದಲಾದ ಕಾರಣಗಳಿಂದ ಬಂದವರನ್ನು ತಪ್ಪದೆ ಪ್ರಶ್ನಿಸಬೇಕೆಂಬುದು ಅದರ ವೈಶಿಷ್ಟ್ಯ.

ತರಬೇತಿಯ ಸ್ವರೂಪ

ತರಬೇತಿಯ ಮೊದಲ ಗುರಿ ಸಿಬ್ಬಂದಿಯ ಮನೋಭಾವ. ‘ಕುಡುಕ’ ಎಂಬ ಹಣೆಪಟ್ಟಿ, ಉಪದೇಶ, ಗದರಿಕೆ ಇವು ರೋಗಿಯ ಬಾಯನ್ನು ಮುಚ್ಚಿಸುತ್ತವೆ. ಸಮಯದ ಅಭಾವ, ರೋಗಿ ಸಿಟ್ಟಾಗುವನೆಂಬ ಅಳುಕು, ‘ಇದು ನಮ್ಮ ಕೆಲಸವಲ್ಲ’ ಎಂಬ ಭಾವನೆ, ‘ಇವರು ಬದಲಾಗುವುದಿಲ್ಲ’ ಎಂಬ ನಿರಾಶೆ ಇವು ಸಿಬ್ಬಂದಿಯನ್ನು ತಡೆಯುವ ಸಾಮಾನ್ಯ ಕಾರಣಗಳು.

ಎರಡನೆಯದು ಸಂಭಾಷಣೆಯ ಕೌಶಲ. ವಿಲಿಯಂ ಮಿಲ್ಲರ್ ಮತ್ತು ಸ್ಟೀಫನ್ ರಾಲ್ನಿಕ್ ಬೆಳೆಸಿದ ಪ್ರೇರಣಾತ್ಮಕ ಸಂದರ್ಶನ ಪದ್ಧತಿಯೇ ಇದಕ್ಕೆ ಆಧಾರ. ಇದನ್ನು ತುರ್ತು ವಿಭಾಗಕ್ಕೆ ಒಗ್ಗಿಸಿ ರೂಪಿಸಿದ ಸಂಕ್ಷಿಪ್ತ ಸಂದರ್ಶನವು ಸಾಮಾನ್ಯವಾಗಿ 5ರಿಂದ 10 ನಿಮಿಷಗಳಲ್ಲಿ ಮುಗಿಯುತ್ತದೆ. ಅದರ ಹಂತಗಳು ಹೀಗಿವೆ:

ಅನುಮತಿ: ‘ನಿಮ್ಮ ಮದ್ಯಪಾನದ ಬಗ್ಗೆ ಸ್ವಲ್ಪ ಮಾತನಾಡಬಹುದೇ?’ ಎಂದು ಕೇಳುವುದು.

ಮಾಹಿತಿ: ಕುಡಿಯುವ ಪ್ರಮಾಣಕ್ಕೂ ಈಗಿನ ಗಾಯಕ್ಕೂ ಸಂಬಂಧವಿದೆಯೇ ಎಂದು ರೋಗಿಯೇ ಯೋಚಿಸುವಂತೆ ಮಾಡುವುದು. ಇದಕ್ಕೆ ಸಿಬ್ಬಂದಿಗೆ ಅಳತೆಯ ಅರಿವು ಬೇಕು. ಸುಮಾರು 43% ಮದ್ಯಸಾರವುಳ್ಳ 30 ಮಿ.ಲೀ. ವಿಸ್ಕಿ ಅಥವಾ ರಮ್ಮಿನಲ್ಲಿ ಸುಮಾರು 10 ಗ್ರಾಂ ಶುದ್ಧ ಮದ್ಯಸಾರವಿರುತ್ತದೆ.

ಪ್ರೇರಣೆ: ಬದಲಾವಣೆಗೆ ಎಷ್ಟು ಸಿದ್ಧರಿದ್ದೀರಿ ಎಂದು 1ರಿಂದ 10ರ ಅಳತೆಯಲ್ಲಿ ಕೇಳುವುದು. ರೋಗಿ ‘3’ ಎಂದರೆ ‘ಅಷ್ಟು ಕಡಿಮೆ ಏಕೆ?’ ಎಂದು ಆಕ್ಷೇಪಿಸದೆ, ‘1 ಎನ್ನದೆ 3 ಎಂದದ್ದೇಕೆ?’ ಎಂದು ಕೇಳಲಾಗುತ್ತದೆ. ಆಗ ಬದಲಾವಣೆಯ ಪರವಾದ ಕಾರಣಗಳು ರೋಗಿಯ ಬಾಯಿಂದಲೇ ಹೊರಬರುತ್ತವೆ.

ಒಪ್ಪಂದ: ರೋಗಿಯೇ ಆರಿಸಿಕೊಂಡ ಒಂದು ಸಣ್ಣ ಗುರಿಯನ್ನು ಬರೆದುಕೊಳ್ಳುವುದು.

ಮೂರನೆಯದು ಎಲ್ಲೆಯ ಅರಿವು. ಅಮಲಿನಲ್ಲಿರುವವರೊಡನೆ ಅಥವಾ ತೀವ್ರ ನೋವಿನಲ್ಲಿರುವವರೊಡನೆ ಸಮಾಲೋಚನೆ ನಿಷ್ಫಲ. ಚೇತರಿಸಿಕೊಂಡ ಬಳಿಕವೇ ಮಾತನಾಡಬೇಕು. ಮದ್ಯಾವಲಂಬನೆಯುಳ್ಳವರು ಕುಡಿತವನ್ನು ಹಠಾತ್ತನೆ ನಿಲ್ಲಿಸಿದರೆ ನಡುಕ, ಬೆವರು, ಸೆಳವು, ಸನ್ನಿ ಉಂಟಾಗಿ ಪ್ರಾಣಾಪಾಯವೂ ಒದಗಬಹುದು. ಆದ್ದರಿಂದ ಇಂಥವರಿಗೆ ‘ಇಂದೇ ಬಿಟ್ಟುಬಿಡಿ’ ಎಂದು ಹೇಳಿ ಮನೆಗೆ ಕಳುಹಿಸದೆ ವೈದ್ಯಕೀಯ ಮೇಲ್ವಿಚಾರಣೆಗೆ ಒಪ್ಪಿಸಬೇಕೆಂದು ಕಲಿಸಲಾಗುತ್ತದೆ.

ಅಧ್ಯಯನಗಳು

ಅಮೆರಿಕದ ಸಿಯಾಟಲ್‌ನ ಹಾರ್ಬರ್‌ವ್ಯೂ ವೈದ್ಯಕೀಯ ಕೇಂದ್ರದಲ್ಲಿ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗಾಯಾಳುಗಳಿಗೆ ಒಮ್ಮೆ ಸಮಾಲೋಚನೆ ನೀಡಲಾಯಿತು. ವರ್ಷದ ಬಳಿಕ ಅವರ ಕುಡಿತ ವಾರಕ್ಕೆ ಸರಾಸರಿ 21.8 ಪಾನಗಳಷ್ಟು ತಗ್ಗಿತ್ತು. ಸಮಾಲೋಚನೆ ದೊರೆಯದವರಲ್ಲಿ ಇಳಿಕೆ 6.7 ಮಾತ್ರ. ಮತ್ತೆ ಗಾಯಗೊಂಡು ಬರುವುದೂ ಸುಮಾರು ಅರ್ಧದಷ್ಟು ಕಡಿಮೆಯಾದಂತೆ ಕಂಡುಬಂದಿತು. ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ 599 ರೋಗಿಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಸಮಾಲೋಚಕರ ಬಳಿಗೆ ಕಳುಹಿಸಿದ ಪ್ರತಿ ಇಬ್ಬರಿಗೆ ಮುಂದಿನ ವರ್ಷದಲ್ಲಿ ತುರ್ತು ವಿಭಾಗದ ಒಂದು ಮರುಭೇಟಿ ತಪ್ಪಿತು.

ಎಲ್ಲ ಫಲಿತಾಂಶಗಳೂ ಏಕರೂಪವಾಗಿಲ್ಲ. ಇಂಗ್ಲೆಂಡಿನ 9 ತುರ್ತು ವಿಭಾಗಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಾಹಿತಿಪತ್ರ ನೀಡಿದ್ದಕ್ಕಿಂತ ದೀರ್ಘ ಸಮಾಲೋಚನೆ ಹೆಚ್ಚು ಪರಿಣಾಮಕಾರಿಯೆಂದು ಸಿದ್ಧವಾಗಲಿಲ್ಲ.

ಅನುಷ್ಠಾನದ ತೊಡಕುಗಳು

ಒಮ್ಮೆ ತರಬೇತಿ ನೀಡಿದ ಮಾತ್ರಕ್ಕೆ ರೂಢಿ ಬೆಳೆಯುವುದಿಲ್ಲ. ಸಿಬ್ಬಂದಿ ಬದಲಾದಂತೆ ಅಭ್ಯಾಸ ಕುಂದುತ್ತದೆ. ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಕಿರಿಯ ವೈದ್ಯರಿಗೆ ಅವರ ಕಾರ್ಯದ ಕುರಿತು ನಿಯತವಾಗಿ ಹಿಮ್ಮಾಹಿತಿ ನೀಡಿದಾಗ ಪತ್ತೆಯ ಪ್ರಮಾಣ ಹೆಚ್ಚಿತು. ಕಾನೂನು ಮತ್ತು ವಿಮೆಯ ಭಯವೂ ಒಂದು ತಡೆ. ಅಮೆರಿಕದ ಹಲವು ರಾಜ್ಯಗಳಲ್ಲಿ 1947ರ ಮಾದರಿ ಕಾನೂನಿನ ಬಲದಿಂದ, ಅಮಲಿನಲ್ಲಾದ ಗಾಯಕ್ಕೆ ವಿಮಾ ಸಂಸ್ಥೆಗಳು ಹಣ ನಿರಾಕರಿಸಬಹುದಾಗಿತ್ತು. ಇದರಿಂದ ವೈದ್ಯರು ಪ್ರಶ್ನಿಸಲೇ ಹಿಂಜರಿಯುತ್ತಿದ್ದರು.

ಭಾರತದಲ್ಲಿ

ಮದ್ಯಪಾನ ಮತ್ತು ಗಾಯಗಳ ಕುರಿತು ವಿಶ್ವ ಆರೋಗ್ಯ ಸಂಸ್ಥೆಯು 12 ದೇಶಗಳ ತುರ್ತು ವಿಭಾಗಗಳಲ್ಲಿ ನಡೆಸಿದ ಅಧ್ಯಯನದಲ್ಲಿ ಬೆಂಗಳೂರು ಭಾರತದ ಕೇಂದ್ರವಾಗಿತ್ತು. ಇಲ್ಲಿನ ನಿಮ್ಹಾನ್ಸ್ ಸಂಸ್ಥೆಯು ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವನ್ನು ಹೊಂದಿದೆ. ಮೋಟಾರು ವಾಹನ ಕಾಯ್ದೆಯ 185ನೆಯ ಕಲಮಿನಂತೆ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ ಮೀರಿದ ಮದ್ಯಸಾರದೊಡನೆ ವಾಹನ ಚಲಾಯಿಸುವುದು ಅಪರಾಧ. ಹೀಗಾಗಿ ಚಿಕಿತ್ಸೆಗಾಗಿ ಕೇಳಿದ ಪ್ರಶ್ನೆಯನ್ನೂ ಗಾಯಾಳು ಪೊಲೀಸ್ ವಿಚಾರಣೆಯೆಂದು ಶಂಕಿಸಬಹುದು. ಪ್ರಶ್ನೆಯ ಉದ್ದೇಶವನ್ನು ಮೊದಲೇ ತಿಳಿಸಿ ಆ ಶಂಕೆಯನ್ನು ನಿವಾರಿಸುವುದೂ ಇಂತಹ ತರಬೇತಿಯಲ್ಲಿ ಸೇರಬೇಕಾದ ವಿಷಯವಾಗಿದೆ.