ಹಳೆ ಟ್ರೇಲರ್ ಕೊಳ್ಳುವಿರಾ? ಬಣ್ಣ ಬಿಡಿ, ಅಡಿಗೆ ಬಗ್ಗಿ ನೋಡಿ

ಗೋವಿನಜೋಳದ ಸುಗ್ಗಿ ಬಂತೆಂದರೆ ನಮ್ಮ ಹುಲಗೂರು ಭಾಗದಲ್ಲಿ ಬಾಡಿಗೆ ಟ್ರೇಲರಿಗೆ ಪಾಳಿ ಹಚ್ಚಬೇಕು. ರಾಶಿ ಹೊಲದಲ್ಲಿ, ಮೋಡ ತಲೆ ಮೇಲೆ. ನನ್ನಲ್ಲಿ ಟ್ರ್ಯಾಕ್ಟರ್ ಇತ್ತು, ಟ್ರೇಲರ್ ಇರಲಿಲ್ಲ. ಹೊಸದಕ್ಕೆ ಹಣ ಸಾಲದು. ಹತ್ತಿ ಮಾರಿದ ದುಡ್ಡಿನಲ್ಲಿ ಹಳೆಯದನ್ನೇ ಕೊಳ್ಳಲು ಹೊರಟೆ. ಶಿಗ್ಗಾಂವಿ, ಸವಣೂರು, ಲಕ್ಷ್ಮೇಶ್ವರದ ಕಡೆ ನಾಲ್ಕು ಟ್ರೇಲರ್ ನೋಡಿ ಒಂದನ್ನು ತಂದೆ. ಈ ಪರೀಕ್ಷೆಗೆ ಬೇಕಾದದ್ದು ಒಂದು ಸುತ್ತಿಗೆ, ಒಂದು ಜಾಕ್, ಒಂದು ಹಗ್ಗ. ಜತೆಗೆ ಅರ್ಧ ದಿನದ ತಾಳ್ಮೆ.

ಏನು ಹೇರಿದ್ದರು?

ಬೆಲೆಗಿಂತ ಮೊದಲು ಇದನ್ನು ಕೇಳಿ. ಮರಳು, ಕಲ್ಲು ಹೇರಿದ ಟ್ರೇಲರಿನ ತಳದ ತಗಡು ಸವೆದಿರುತ್ತದೆ. ಮಿತಿಮೀರಿ ಕಬ್ಬು ಹೇರಿದ್ದರೆ ಚಾಸಿ, ಆಕ್ಸಲ್ ಬಾಗಿರಬಹುದು. ಹಸಿ ಗೊಬ್ಬರ ಹೇರಿ ತೊಳೆಯದೆ ಬಿಟ್ಟಿದ್ದರೆ ಮೂಲೆಗಳಲ್ಲಿ ತುಕ್ಕು. ತಳವನ್ನು ಸುತ್ತಿಗೆಯಿಂದ ಬಡಿಯುತ್ತ ಹೋಗಿ. ಗಟ್ಟಿ ತಗಡು ಗಂಟೆಯಂತೆ ಸದ್ದು ಮಾಡುತ್ತದೆ, ತುಕ್ಕು ತಿಂದದ್ದು ಬದ್ದೆನ್ನುತ್ತದೆ. ನಾನು ನೋಡಿದ ಎರಡನೆಯ ಟ್ರೇಲರಿಗೆ ಹೊಸ ಬಣ್ಣ ಹೊಡೆದಿದ್ದರು. ನಾಲ್ಕು ಏಟಿಗೆ ಬಣ್ಣದ ಹಕ್ಕಳೆ ಎದ್ದು ಒಳಗಿನ ತೂತು ಕಂಡಿತು.

ಹಗ್ಗದ ಲೆಕ್ಕ

ಮುಂದಿನ ಕೊಂಡಿಯಿಂದ ಆಕ್ಸಲಿನ ಎಡತುದಿಗೆ ಹಗ್ಗ ಹಿಡಿದು ಅಳೆಯಿರಿ. ಅದೇ ಹಗ್ಗ ಬಲತುದಿಗೂ ಸರಿಯಾಗಿ ಮುಟ್ಟಬೇಕು. ಮುಟ್ಟದಿದ್ದರೆ ಆಕ್ಸಲ್ ಸರಿದಿದೆ, ಇಲ್ಲವೇ ಚಾಸಿ ತಿರುಚಿದೆ. ಅಂಥ ಟ್ರೇಲರ್ ರಸ್ತೆಯಲ್ಲಿ ಓರೆಯಾಗಿ ಬರುತ್ತದೆ, ಟಯರು ಒಂದೇ ಬದಿಗೆ ಸವೆಯುತ್ತದೆ. (ಇದು ಎರಡು ಗಾಲಿಯದಕ್ಕೆ. ನಾಲ್ಕು ಗಾಲಿಯದಾದರೆ ಮುಂದಿನ ತಿರುಗುಚಕ್ರದ ಸಡಿಲವನ್ನೂ ನೋಡಬೇಕು.) ಎರೆಹೊಲದವರಿಗೆ ಎರಡು ಗಾಲಿಯದೇ ಅನುಕೂಲ. ಹೇರಿನ ಸ್ವಲ್ಪ ಭಾರ ಟ್ರ್ಯಾಕ್ಟರಿನ ಹಿಂದಿನ ಗಾಲಿಗಳ ಮೇಲೆ ಬೀಳುವುದರಿಂದ ಹಿಡಿತ ಸಿಗುತ್ತದೆ.

ಕೊಂಡಿಯ ಬಳೆಯನ್ನು ಬೆರಳಿನಿಂದ ಮುಟ್ಟಿ ನೋಡಿ. ಪಿನ್ನು ಉಜ್ಜುವ ಕಡೆ ತೆಳ್ಳಗಾಗಿದ್ದರೆ, ಸುತ್ತ ಮೇಲಿಂದ ಮೇಲೆ ವೆಲ್ಡಿಂಗ್ ಮಾಡಿದ ಗಂಟುಗಳಿದ್ದರೆ ಬಿಟ್ಟುಬಿಡಿ. ಏರಿನಲ್ಲಿ ಇದು ಕಳಚಿದರೆ ಹಿಂದೆ ಬರುವ ಸೈಕಲ್ಲಿನವನ ಗತಿ ಏನು?

ಗಾಲಿ ಎತ್ತಿ ಅಲುಗಾಡಿಸಿ

ಜಾಕ್ ಕೊಟ್ಟು ಗಾಲಿ ತಿರುಗಿಸಿ. ಕರಕರ ಸದ್ದು ಬಂದರೆ, ಮೇಲೆ-ಕೆಳಗೆ ಹಿಡಿದು ಅಲುಗಿಸಿದಾಗ ಹೆಚ್ಚು ಆಡಿದರೆ ಬೇರಿಂಗ್ ಹೋಗಿದೆ. ಎರಡೂ ಬದಿಯ ಸ್ಪ್ರಿಂಗ್ ಪಟ್ಟಿಗಳನ್ನು ಎಣಿಸಿ. ಸಂಖ್ಯೆ ಸಮ ಇರಬೇಕು, ಬಿರುಕು ಇರಬಾರದು. ಟಯರಿನ ಮೇಲಿನ ನಾಲ್ಕು ಅಂಕಿ ಓದಿ: 2319 ಎಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಹೈಡ್ರಾಲಿಕ್ ಇದ್ದರೆ ಹೇರು ಸಮೇತ ಎತ್ತಿಸಿ ಹತ್ತು ನಿಮಿಷ ಹಾಗೇ ಬಿಡಿ. ತಾನಾಗಿ ಇಳಿದರೆ ಸೀಲು ಸೋರುತ್ತಿದೆ. ಎತ್ತಿದ ಡಬ್ಬಿಯ ಕೆಳಗೆ ಆಸರೆ ಕೊಡದೆ ತಲೆ ಹಾಕಲೇಬೇಡಿ. ಕೊನೆಗೆ ಮೂರು ಕಿಲೋಮೀಟರ್ ಎಳೆದು ಹಬ್ ಮುಟ್ಟಿ. ಒಂದು ಮಾತ್ರ ಸುಡುತ್ತಿದ್ದರೆ ದೋಷ ಅಲ್ಲಿದೆ.

ಕಾಗದ ಕೇಳಲು ಸಂಕೋಚ ಬೇಡ

ಟ್ರೇಲರಿಗೆ ಟ್ರ್ಯಾಕ್ಟರಿನದಲ್ಲದೆ ಬೇರೆಯೇ ನೋಂದಣಿ ಇರುತ್ತದೆ. ಆರ್‌ಸಿಯಲ್ಲಿರುವ ಚಾಸಿ ನಂಬರು ಕಬ್ಬಿಣದ ಮೇಲೆ ಕೊರೆದದ್ದಕ್ಕೆ ತಾಳೆಯಾಗಬೇಕು. ಬ್ಯಾಂಕಿನ ಸಾಲ ನಮೂದಾಗಿದ್ದರೆ ಬ್ಯಾಂಕಿನ ಪತ್ರ ಮತ್ತು ಫಾರಂ 35 ಕೈಗೆ ಬರುವ ತನಕ ಪೂರ್ತಿ ಹಣ ಕೊಡಬೇಡಿ. ಹೆಸರು ಬದಲಾವಣೆಗೆ ಫಾರಂ 29 ಮತ್ತು 30. ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ಆರ್‌ಟಿಓಗೆ ತಿಳಿಸಬೇಕೆಂದು 1988ರ ಮೋಟಾರು ವಾಹನ ಕಾಯ್ದೆ ಹೇಳುತ್ತದೆ.

ನನಗೆ ಮಾರಿದವರು ದೂರದ ಸಂಬಂಧಿಕರು. ಸಹಿ ಕೇಳಿದ್ದಕ್ಕೆ, "ಯಾಕ ತಮ್ಮಾ, ನಮ್ಮ ಮ್ಯಾಲ ನಂಬಿಕಿ ಇಲ್ಲೇನು?" ಎಂದರು.

"ನಂಬಿಕಿ ಐತ್ರಿ ಕಾಕಾ. ಆದ್ರ ನಾಳೆ ನಾ ಎಲ್ಲ್ಯಾರ ಗುದ್ದಿದ್ರ ಕೋರ್ಟಿನ ಕಾಗದ ನಿಮ್ಮ ಮನೀಗೆ ಬರತೈತ್ರಿ."

ಇದು ಹೆದರಿಸಲು ಹೇಳಿದ್ದಲ್ಲ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಪರಿಹಾರಕ್ಕೆ ಹೊಣೆ ಎಂದು 2018ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಾಕಾ ಮರುಮಾತಿಲ್ಲದೆ ಹಾವೇರಿಯ ಆರ್‌ಟಿಓ ಕಚೇರಿಗೆ ನನ್ನ ಜತೆ ಬಂದರು.

ಖರ್ಚು

1,10,000 ರೂ. ಹೇಳಿದ್ದರು. ಒಂದು ಹಬ್ಬಿನ ಬೇರಿಂಗ್ ಮತ್ತು ಸವೆದ ಎರಡು ಟಯರು ತೋರಿಸಿದ ಮೇಲೆ 92,000ಕ್ಕೆ ಮುಗಿಯಿತು. ದೋಷ ಕಂಡರೆ ಟ್ರೇಲರ್ ಬಿಡಲೇಬೇಕೆಂದಿಲ್ಲ. ಬೇರಿಂಗ್, ಟಯರು ಬದಲಿಸಬಹುದು, ಅದರ ಬೆಲೆ ಕಳೆದು ಕೇಳಿ. ಚಾಸಿ, ಕೊಂಡಿ, ಕಾಗದ ಈ ಮೂರರಲ್ಲಿ ಕೊರತೆಯಿದ್ದರೆ ಮಾತ್ರ ಎಷ್ಟೇ ಅಗ್ಗವಾದರೂ ತಿರುಗಿ ಬನ್ನಿ.

ತಂದ ಮೇಲೆ ಎರಡು ಕೆಲಸ ಬಾಕಿ. ಟ್ರೇಲರಿನ ನಂಬರು ವಿಮೆಯಲ್ಲಿ ಸೇರಿದೆಯೇ ನೋಡಿ, ಹಿಂದೆ ಕೆಂಪು ರಿಫ್ಲೆಕ್ಟರ್ ಹಚ್ಚಿ. ಕಳೆ ತೆಗೆಯುವ ಹೆಣ್ಣುಮಕ್ಕಳನ್ನಾಗಲಿ, ಜಾತ್ರೆಗೆ ಹೊರಟ ಮನೆಮಂದಿಯನ್ನಾಗಲಿ ಅದರಲ್ಲಿ ಕೂರಿಸಬೇಡಿ. ಅದು ಮಾಲು ಹೇರಲು ಮಾಡಿದ ಗಾಡಿ.