ರಾಯಚೂರಿನ ಬಿಸಿಲು, ಮಂಗಳೂರಿನ ಬೆವರು

ಪರೀಕ್ಷೆ ಮುಗಿದು ಏಪ್ರಿಲ್ ಬಂತೆಂದರೆ ಊರೂರ ಮೈದಾನಗಳಲ್ಲಿ ಕ್ರಿಕೆಟ್ ಶಿಬಿರಗಳು ಶುರು. ರಾಯಚೂರಿನಲ್ಲಿ ಪಾದರಸ 40 ಡಿಗ್ರಿ ಸೆಲ್ಷಿಯಸ್ ದಾಟಿದ ದಿನ ತಾಯಂದಿರು ಮಕ್ಕಳನ್ನು ಹೊರಗೆ ಬಿಡಲು ಹಿಂಜರಿಯುತ್ತಾರೆ. ಅದೇ ದಿನ ಮಂಗಳೂರಿನಲ್ಲಿ 34 ಡಿಗ್ರಿ ಎಂದು ಪತ್ರಿಕೆಯಲ್ಲಿ ಓದಿದವರಿಗೆ ‘ಅಷ್ಟೇನೂ ಇಲ್ಲ’ ಅನ್ನಿಸುತ್ತದೆ. ಆದರೆ ಓಡಿ ಆಡುವ ಹುಡುಗನ ಮೈ ತಣಿಯಲು ಹೆಚ್ಚು ಕಷ್ಟಪಡುವುದು ಎಷ್ಟೋ ಬಾರಿ ಆ 34 ಡಿಗ್ರಿಯಲ್ಲಿಯೇ.

ಮೈಯನ್ನು ತಂಪು ಮಾಡುವುದು ಬೆವರಲ್ಲ, ಬೆವರು ಆರುವ ಕ್ರಿಯೆ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಅದು ಒಯ್ಯುವ ಶಾಖದಲ್ಲಿ ಮಂಜಿನಷ್ಟು ತಣ್ಣಗಿರುವ ಐದು ಲೀಟರಿಗೂ ಹೆಚ್ಚು ನೀರನ್ನು ಕುದಿಯುವ ಮಟ್ಟಕ್ಕೆ ಕಾಯಿಸಬಹುದು. ನೆಲಕ್ಕೆ ತೊಟ್ಟಿಕ್ಕಿದ ಬೆವರಿನಿಂದ ಮಾತ್ರ ಏನೂ ಪ್ರಯೋಜನವಿಲ್ಲ. ನೀರು ಹೋಯಿತು, ಶಾಖ ಉಳಿಯಿತು.

ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿಯಾಡಲು ಬಿಟ್ಟರೆ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. 40 ಡಿಗ್ರಿ ಉಷ್ಣಾಂಶ, ಶೇಕಡ 20ರ ಆರ್ದ್ರತೆ ಇದ್ದಲ್ಲಿ ಅದು ಸುಮಾರು 23ಕ್ಕೆ ಇಳಿಯುತ್ತದೆ. 34 ಡಿಗ್ರಿ, ಶೇಕಡ 70ರ ಆರ್ದ್ರತೆಯಲ್ಲಿ ಸುಮಾರು 29ಕ್ಕೇ ನಿಂತುಬಿಡುತ್ತದೆ. ಅಮೆರಿಕದ ನೌಕಾ ಪದಾತಿ ದಳದ ತರಬೇತಿ ಶಿಬಿರಗಳಿಗಾಗಿ 1950ರ ದಶಕದಲ್ಲಿ ರೂಪಿಸಿದ ಶಾಖದ ಅಳತೆಯಲ್ಲಿ ಈ ಒದ್ದೆ ಬಟ್ಟೆಯ ಅಂಕಿಗೆ ಹತ್ತರಲ್ಲಿ ಏಳು ಪಾಲು ತೂಕ. ಮಾಮೂಲಿ ಉಷ್ಣಾಂಶಕ್ಕೆ ಒಂದೇ ಪಾಲು. ಉಳಿದ ಎರಡು ಪಾಲು ಬಿಸಿಲಿನ ಝಳಕ್ಕೆ.

ಹಾಗೆಂದು ರಾಯಚೂರಿನವರು ನಿಶ್ಚಿಂತರಾಗಿರುವಂತಿಲ್ಲ. ಒಣ ಹವೆಯಲ್ಲಿ ಬೆವರು ಬಂದದ್ದೇ ತಿಳಿಯುವುದಿಲ್ಲ. ಅಂಗಿ ಒಣಗಿಯೇ ಇರುತ್ತದೆ, ಬೆನ್ನಿನ ಮೇಲೆ ಉಪ್ಪಿನ ಬಿಳಿಗೆರೆ ಮಾತ್ರ. ಬೆವರಲೇ ಇಲ್ಲವಲ್ಲ ಎಂದು ನೀರು ಕುಡಿಯದ ಹುಡುಗ ಸಂಜೆ ತಲೆನೋವೆಂದು ಮಲಗುತ್ತಾನೆ. ಆಟಕ್ಕೆ ಮೊದಲು, ಆಮೇಲೆ ತೂಕ ನೋಡಿದರೆ ಗುಟ್ಟು ರಟ್ಟಾಗುತ್ತದೆ. ಅರ್ಧ ಕಿಲೊ ಇಳಿದಿದ್ದರೆ ಸುಮಾರು ಅರ್ಧ ಲೀಟರ್ ನೀರು ಹೋಗಿದೆಯೆಂದೇ ಅರ್ಥ. ಇಲ್ಲಿ ತುಂಬುತೋಳಿನ ಹತ್ತಿ ಅಂಗಿ, ಅಗಲ ಅಂಚಿನ ಟೋಪಿ, ಬಾಯಾರಿಕೆಗೆ ಕಾಯದೆ ಆಗಾಗ ಕುಡಿಯುವ ನೀರು, ಮರದ ನೆರಳು ಬಹುಪಾಲು ರಕ್ಷಣೆ ಕೊಡುತ್ತವೆ.

ಕರಾವಳಿಯಲ್ಲಿ ನೆರಳು, ನೀರು ಎರಡಿದ್ದರೂ ಸಾಲದು. ಎಷ್ಟು ಕುಡಿದರೂ ಬೆವರು ಆರಬೇಕಲ್ಲ! ಅಲ್ಲಿ ಆಟದ ಬಿರುಸನ್ನೇ ತಗ್ಗಿಸಬೇಕು, ಬಿಡುವು ಹೆಚ್ಚಿಸಬೇಕು, ಬಿಡುವಿನಲ್ಲಿ ಪ್ಯಾಡು, ಹೆಲ್ಮೆಟ್ ಕಳಚಿ ಗಾಳಿ ಬೀಸುವ ಕಡೆ ಕೂರಿಸಬೇಕು.

1986ರ ಸೆಪ್ಟೆಂಬರ್‌ನಲ್ಲಿ ಆಗಿನ ಮದರಾಸಿನ ಚೆಪಾಕ್ ಮೈದಾನದಲ್ಲಿ ಆಸ್ಟ್ರೇಲಿಯದ ಡೀನ್ ಜೋನ್ಸ್ ಭಾರತದ ವಿರುದ್ಧ 210 ರನ್ ಹೊಡೆದದ್ದು ಇಂಥ ಸೆಕೆಯಲ್ಲಿಯೇ. ಕ್ರೀಸಿನ ಬಳಿಯೇ ವಾಂತಿ ಮಾಡಿಕೊಂಡರು. ಹೊರಗೆ ಹೋಗುತ್ತೇನೆಂದಾಗ ನಾಯಕ ಅಲನ್ ಬಾರ್ಡರ್ ಕೆಣಕಿದ್ದರಿಂದ ಆಟ ಮುಂದುವರಿಸಿದರಂತೆ. ಕೊನೆಗೆ ಆಸ್ಪತ್ರೆಯಲ್ಲಿ ಸಲೈನ್ ಏರಿಸಬೇಕಾಯಿತು. ಟೈ ಆದ ಆ ಟೆಸ್ಟಿನ ಕಥೆಯನ್ನು ಇಂದಿಗೂ ಕೆಚ್ಚಿನ ಕಥೆಯಾಗಿ ಹೇಳುತ್ತಾರೆ. ಹನ್ನೆರಡರ ಹುಡುಗನಿಗೆ ಅದನ್ನು ಹೇಳುವಾಗ ಆಸ್ಪತ್ರೆಯ ಭಾಗವನ್ನು ಬಿಡಬಾರದು. ನೀರು ಕೇಳಿದವನನ್ನು ‘ಹೇಡಿ’ ಎಂದು ಹಂಗಿಸುವ ತರಬೇತುದಾರರು ಈಗಲೂ ಅಲ್ಲಲ್ಲಿ ಇದ್ದಾರೆ. ಅಂಥ ಶಿಬಿರಕ್ಕೆ ಶುಲ್ಕ ಕಟ್ಟದಿರುವುದೇ ಲೇಸು.

ಬೆಂಗಳೂರಿನಿಂದ ರಜೆಗೆಂದು ಅಜ್ಜಿಯ ಮನೆಗೆ ಹೋದ ಮಕ್ಕಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಹೊಸ ಸೆಕೆಗೆ ದೇಹ ಒಗ್ಗಿಕೊಳ್ಳಲು ಒಂದೆರಡು ವಾರ ಹಿಡಿಯುತ್ತದೆ. ಮೊದಲ ದಿನ ಅರ್ಧ ಗಂಟೆಯ ಆಟ ಸಾಕು. ಜ್ವರ, ಭೇದಿಯಿಂದ ಎದ್ದವರು ಆಡುವುದೇ ಬೇಡ. ಕುಡಿಯಲು ಉಪ್ಪು ಬೆರೆಸಿದ ಮಜ್ಜಿಗೆ ಬಹಳ ಒಳ್ಳೆಯದು. ಎಳನೀರೂ ಸರಿಯೇ, ಆದರೆ ಬೆವರಿನಲ್ಲಿ ಹೋಗುವ ಸೋಡಿಯಂ ಅದರಲ್ಲಿ ಕಡಿಮೆ.

ತಲೆಸುತ್ತು, ಓಕರಿಕೆ, ಸ್ನಾಯು ಸೆಳೆತ ಕಂಡರೆ ಅಂದಿನ ಆಟ ಮುಗಿಯಿತು. ಹುಡುಗ ತೊದಲಿದರೆ, ದಿಕ್ಕೆಟ್ಟಂತೆ ಆಡಿದರೆ, ಕುಸಿದರೆ ಅದು ಶಾಖಾಘಾತ. ಮೈ ಬೆವರಿನಿಂದ ಒದ್ದೆಯಾಗಿದ್ದರೂ ಶಾಖಾಘಾತ ಆಗಬಹುದು. 108ಕ್ಕೆ ಕರೆ ಮಾಡಿ, ವಾಹನ ಬರುವವರೆಗೆ ಸುಮ್ಮನೆ ಕಾಯದೆ ಬಟ್ಟೆ ಸಡಿಲಿಸಿ ತಲೆಯಿಂದ ಕಾಲಿನವರೆಗೆ ತಣ್ಣೀರು ಸುರಿಯುತ್ತಲೇ ಇರಬೇಕು, ಗಾಳಿ ಬೀಸಬೇಕು. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬಾರದು.