ಸೈನ್ 60° ÷ ಸೈನ್ 30° = 2 ಅಲ್ಲ! ಈ ಶಾರ್ಟ್‌ಕಟ್ ಫಾರ್ವರ್ಡ್ ಮಾಡುವ ಮುನ್ನ ಓದಿ

‘ಮೇಲೊಂದು ಸೈನ್, ಕೆಳಗೊಂದು ಸೈನ್. ಎರಡನ್ನೂ ಹೊಡೆದುಹಾಕಿ, ಲೆಕ್ಕ ಮುಗೀತು!’ ತ್ರಿಕೋನಮಿತಿಯ ಇಂಥದ್ದೊಂದು ಶಾರ್ಟ್‌ಕಟ್ ನಿಮ್ಮ ಮೊಬೈಲಿಗೂ ಬಂದಿರಬಹುದು. ಎಸ್ಸೆಸ್ಸೆಲ್ಸಿ ಓದುವ ಮಕ್ಕಳಿಗೆ ಅದನ್ನು ಕಳುಹಿಸುವ ಮುನ್ನ ಒಮ್ಮೆ ಪರೀಕ್ಷಿಸಿ ನೋಡೋಣ.

ಶಾರ್ಟ್‌ಕಟ್ ಏನನ್ನುತ್ತದೆ?

ಸೈನ್ 60° ÷ ಸೈನ್ 30° = 60 ÷ 30 = 2.

ನಿಜವೇನು?

ಸೈನ್ 60° ಸುಮಾರು 0.866. ಸೈನ್ 30° ಸರಿಯಾಗಿ 0.5. ಭಾಗಿಸಿದರೆ ಬರುವುದು ಸುಮಾರು 1.732, ಅಂದರೆ √3. ಉತ್ತರ 2 ಅಲ್ಲ.

‘ಸೈನ್ 60°’ ಎಂದರೆ ‘ಸೈನ್ ಗುಣಿಸು 60’ ಎಂದಲ್ಲ. ಲಂಬಕೋನ ತ್ರಿಭುಜದಲ್ಲಿ 60° ಕೋನದ ಎದುರಿನ ಬಾಹುವನ್ನು ವಿಕರ್ಣದಿಂದ ಭಾಗಿಸಿದಾಗ ಸಿಗುವ ಒಂದೇ ಸಂಖ್ಯೆ ಅದು. ಸೈನ್ ಬೇರೆ, 60 ಬೇರೆ ಎಂದು ಅದನ್ನು ಒಡೆಯಲಾಗದು. ವರ್ಗಮೂಲದ ಚಿಹ್ನೆಯೂ ಹೀಗೆಯೇ. √16 ÷ √4 ಎಂದರೆ 4 ÷ 2, ಉತ್ತರ 2. ಚಿಹ್ನೆಯನ್ನೇ ಹೊಡೆದುಹಾಕಿದರೆ 16 ÷ 4 ಆಗಿ, 4 ಎಂಬ ತಪ್ಪು ಉತ್ತರ ಬರುತ್ತದೆ.

ಹಾಗಾದರೆ ಸುಲಭ ರೂಪಕ್ಕೆ ತರುವುದು ಹೇಗೆ?

ಈ ಲೆಕ್ಕ ನೋಡಿ: (1 − ಕಾಸ್² ಎ) ÷ ಸೈನ್ ಎ.

ಪೈಥಾಗೊರಸ್ ಪ್ರಮೇಯದ ಪ್ರಕಾರ, ಎದುರಿನ ಬಾಹುವಿನ ವರ್ಗಕ್ಕೆ ಪಕ್ಕದ ಬಾಹುವಿನ ವರ್ಗ ಕೂಡಿಸಿದರೆ ವಿಕರ್ಣದ ವರ್ಗ. ಎಲ್ಲವನ್ನೂ ವಿಕರ್ಣದ ವರ್ಗದಿಂದ ಭಾಗಿಸಿ. ಸಿಗುವುದೇ ಸೈನ್² ಎ + ಕಾಸ್² ಎ = 1.

ಆದ್ದರಿಂದ 1 − ಕಾಸ್² ಎ ಇರುವಲ್ಲಿ ಸೈನ್² ಎ ಬರೆಯಬಹುದು. ಈಗ ಲೆಕ್ಕ (ಸೈನ್ ಎ × ಸೈನ್ ಎ) ÷ ಸೈನ್ ಎ ಆಯಿತು. ಉತ್ತರ: ಸೈನ್ ಎ.

ಇಲ್ಲಿಯೂ ಹೊಡೆದುಹಾಕಿದೆವಲ್ಲ? ಹೌದು. ಆದರೆ ಕೋನವನ್ನೂ ಸೇರಿಸಿ ಇಡೀ ‘ಸೈನ್ ಎ’ಯನ್ನು ಹೊಡೆದೆವು. ಅದು ಮೇಲೂ ಕೆಳಗೂ ಇರುವ ಒಂದೇ ಸಂಖ್ಯೆ. ಅದು ಸೊನ್ನೆ ಆಗಿರಬಾರದು, ಅಷ್ಟೇ.

ನಿಮ್ಮ ಫೋನಿನಲ್ಲೇ ಪರೀಕ್ಷಿಸಿ

ಕ್ಯಾಲ್ಕುಲೇಟರಿನಲ್ಲಿ ಸೈನ್ 30 ಒತ್ತಿ. 0.5 ಬಂದರೆ ಸರಿ. −0.988 ಬಂದರೆ ಅದು ರೇಡಿಯನ್‌ನಲ್ಲಿದೆ, ಡಿಗ್ರಿಗೆ ಬದಲಾಯಿಸಿ. ಆಮೇಲೆ ಯಾವುದಾದರೂ ಒಂದು ಕೋನ, ಉದಾಹರಣೆಗೆ 40°, ಹಾಕಿ ಸೂತ್ರದ ಎರಡೂ ಬದಿ ಲೆಕ್ಕ ಮಾಡಿ. ಒಂದು ಕಡೆ ತಾಳೆಯಾಗದಿದ್ದರೂ ಸೂತ್ರ ತಪ್ಪು.

ಆದರೆ ಒಂದು ಕೋನಕ್ಕೆ ತಾಳೆಯಾದ ಮಾತ್ರಕ್ಕೆ ಸರಿ ಎನ್ನಲಾಗದು. ‘ಸೈನ್ 2ಎ = 2 ಸೈನ್ ಎ’ ಎಂಬುದು 0° ಹಾಕಿದರೆ ಸರಿ ಕಾಣುತ್ತದೆ. 30° ಹಾಕಿದರೆ ಒಂದು ಬದಿ 0.866, ಇನ್ನೊಂದು ಬದಿ 1!

ನಮ್ಮ ತೀರ್ಮಾನ: ಈ ಶಾರ್ಟ್‌ಕಟ್ ತಪ್ಪು. ಪರೀಕ್ಷೆಯಲ್ಲಿ ಹೀಗೆ ಒಂದು ಗೆರೆ ಎಳೆದರೆ ಇಡೀ ಲೆಕ್ಕವೇ ಹೋಗುತ್ತದೆ. ಫಾರ್ವರ್ಡ್ ಮಾಡುವ ಮುನ್ನ ಒಂದು ಕೋನ ಹಾಕಿ ನೋಡಿ.